ಅಕ್ರಿಲಿಕ್ ಕತ್ತರಿಸುವಾಗ ಪವರ್ ಏರಿಸುವ ಮುಂಚೆ ಇದನ್ನು ನೋಡಿ

ಲೇಸರ್‌ನಲ್ಲಿ ಅಕ್ರಿಲಿಕ್ ಸರಿಯಾಗಿ ಕತ್ತರಿಸದಿದ್ದರೆ ತುಂಬಾ ಜನ ಮೊದಲು ಪವರ್ ಏರಿಸುತ್ತಾರೆ. ಅಂಚು ಇನ್ನಷ್ಟು ಕರಗುತ್ತದೆ, ಅಷ್ಟೇ. ತಪ್ಪು ಹೆಚ್ಚಾಗಿ ಫೋಕಸ್‌ನಲ್ಲಿರುತ್ತದೆ, ಇಲ್ಲವೇ ಡ್ರಾಯಿಂಗ್‌ನಲ್ಲಿ.

ಮೊದಲು ಶೀಟ್. ಹೆಸರು ಕೆತ್ತುವುದಿದ್ದರೆ ಕಾಸ್ಟ್ (ಎರಕ ಹೊಯ್ದು ಮಾಡಿದ) ಅಕ್ರಿಲಿಕ್ಕನ್ನೇ ಕೇಳಿ ತನ್ನಿ, ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಬರೀ ಕತ್ತರಿಸಲು ಎಕ್ಸ್‌ಟ್ರೂಡೆಡ್ (ಮಷೀನಿನಲ್ಲಿ ಒತ್ತಿ ಎಳೆದು ಮಾಡಿದ) ಶೀಟ್ ಸಾಕು. ಪಿವಿಸಿ ಶೀಟ್, ಪಿವಿಸಿ ಫೋಮ್ ಬೋರ್ಡ್ ಮಾತ್ರ ಮಷೀನ್ ಹತ್ತಿರವೂ ತರಬೇಡಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಎದೆಗೂ ಕೆಟ್ಟದ್ದು, ಮಷೀನಿನ ಕಬ್ಬಿಣಕ್ಕೂ ತುಕ್ಕು. ಇನ್ನೊಂದು ಮಾತು: ಅಗ್ಗಕ್ಕೆ ಸಿಗುವ ನೀಲಿ ಡಯೋಡ್ ಲೇಸರ್ ನಂಬಿ ಪಾರದರ್ಶಕ ಅಕ್ರಿಲಿಕ್ ಕೊಳ್ಳಬೇಡಿ. ಆ ಬೆಳಕು ಶೀಟಿನೊಳಗೆ ಸುಮ್ನೆ ಹಾದುಹೋಗುತ್ತದೆ. ಇದಕ್ಕೆ 10.6 ಮೈಕ್ರಾನ್ ತರಂಗಾಂತರದ ಸಿಒ2 ಲೇಸರ್ರೇ ಬೇಕು.

ಲೆನ್ಸ್ ಒರೆಸಿ, ಫೋಕಸ್ ನೋಡಿ. ಒಂದು ವೇಸ್ಟ್ ತುಂಡನ್ನು ಇಳಿಜಾರಾಗಿ ಇಟ್ಟು, ಕಡಿಮೆ ಪವರ್‌ನಲ್ಲಿ ಅದರುದ್ದಕ್ಕೂ ಒಂದು ಗೆರೆ ಎಳೆಯಿರಿ. ಗೆರೆ ಎಲ್ಲಿ ತೀರಾ ಸಣ್ಣಗಿದೆಯೋ, ಅಲ್ಲಿಂದ ನಾಝಲ್‌ಗೆ (ಕಿರಣ ಹೊರಬರುವ ಮೂತಿ) ಇರುವ ಅಂತರವೇ ಸರಿಯಾದ ಎತ್ತರ. 6 ಮಿ.ಮೀ.ಗಿಂತ ದಪ್ಪವಾದರೆ ಫೋಕಸ್ ಮೇಲ್ಮೈಗಿಂತ ಸ್ವಲ್ಪ ಒಳಗೆ ಬೀಳಲಿ.

ಇನ್ನು ಎಲ್ಲರೂ ಎಡವುವ ಜಾಗ, ಅಳತೆ. ಕಿರಣ ಹೋದಲ್ಲೆಲ್ಲ ಒಂದಿಷ್ಟು ಅಕ್ರಿಲಿಕ್ ಆವಿಯಾಗುತ್ತದೆ. ಅದಕ್ಕೆ ಕರ್ಫ್ ಅನ್ನುತ್ತಾರೆ. ಡಬ್ಬಿ ಜೋಡಿಸಲು 20 ಮಿ.ಮೀ. ಅಂತ ಬರೆದ ಟ್ಯಾಬ್ (ಹೊರಚಾಚಿದ ನಾಲಿಗೆ) 19.8 ಆಗಿ ಬರುತ್ತದೆ, ಅದು ಕೂರಬೇಕಾದ 20ರ ಸ್ಲಾಟ್ (ಸಂದು) 20.2 ಆಗುತ್ತದೆ. ಡಬ್ಬಿ ಗಡಗಡ ಅಲ್ಲಾಡುವುದು ಇದಕ್ಕೇ. ನಿಮ್ಮ ಮಷೀನಿನ ಕರ್ಫ್ ಎಷ್ಟೆಂದು ತಿಳಿಯಲು 20 ಮಿ.ಮೀ. ಅಗಲದ ಹತ್ತು ಚೌಕ ಕತ್ತರಿಸಿ, ಒತ್ತಾಗಿ ಸಾಲು ಜೋಡಿಸಿ ವರ್ನಿಯರ್‌ನಲ್ಲಿ ಅಳೆಯಿರಿ. 198 ಬಂದರೆ ಹತ್ತು ತುಂಡಿಗೆ 2 ಮಿ.ಮೀ. ಹೋಯಿತು, ಅಂದರೆ ಕರ್ಫ್ 0.2. ಒಂದೇ ಚೌಕ ಅಳೆದರೆ ಕೈತಪ್ಪು ಜಾಸ್ತಿ.

ಶೀಟಿನ ದಪ್ಪವನ್ನೂ ಅಳೆಯಿರಿ. 3 ಮಿ.ಮೀ. ಅಂತ ಕೊಟ್ಟಿದ್ದು 2.8 ಇರಬಹುದು. ಕಾಸ್ಟ್ ಶೀಟಿನಲ್ಲಿ ಒಂದು ಮೂಲೆಗೂ ಇನ್ನೊಂದು ಮೂಲೆಗೂ ವ್ಯತ್ಯಾಸ ಇರುತ್ತದೆ. ದಪ್ಪ 2.8, ಕರ್ಫ್ 0.2 ಆದರೆ ಸ್ಲಾಟನ್ನು 2.7 ಅಂತ ಬರೆಯಿರಿ. ಕತ್ತರಿಸಿದಾಗ 2.9 ಆಗುತ್ತದೆ, ಕೂದಲೆಳೆಯಷ್ಟು ಸಡಿಲ. ಎಂಡಿಎಫ್‌ನಂತೆ (ಮರದ ನಾರು ಒತ್ತಿ ಮಾಡಿದ ಹಲಗೆ) ಬಿಗಿಯಾಗಿ ಒತ್ತಿ ಕೂರಿಸೋಣ ಅಂದುಕೊಳ್ಳಬೇಡಿ. ಎಂಡಿಎಫ್ ಅಮುಕಿಕೊಳ್ಳುತ್ತದೆ, ಅಕ್ರಿಲಿಕ್ ಸೀಳುತ್ತದೆ. ಸುತ್ತಿಗೆಯಲ್ಲಿ ತಟ್ಟಿದ ಟ್ಯಾಬಿನ ಒಳಮೂಲೆಯಿಂದ ಬಿರುಕು ಓಡುವುದನ್ನು ಕಾಲೇಜು ಪ್ರಾಜೆಕ್ಟುಗಳಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಒಳಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿದರೆ ಈ ಬಿರುಕು ತಪ್ಪುತ್ತದೆ. ಫೈಲಿನಲ್ಲಿ ಗೆರೆಯ ಮೇಲೆ ಗೆರೆ ಕೂತಿಲ್ಲವೆಂದೂ ನೋಡಿಕೊಳ್ಳಿ. ಎರಡು ಸಲ ಸುಟ್ಟ ಅಂಚು ಎಷ್ಟು ಉಜ್ಜಿದರೂ ಸರಿಹೋಗುವುದಿಲ್ಲ.

ಸ್ಪೀಡ್ ಆರಿಸಲು ಸಣ್ಣ ತುಂಡುಗಳಲ್ಲಿ ಪರೀಕ್ಷೆ ಮಾಡಿ. ಒಂದೇ ಸಲಕ್ಕೆ ಪೂರ್ತಿ ಕತ್ತರಿಸುವ ಸ್ಪೀಡ್‌ಗಳಲ್ಲಿ ಅತಿ ಹೆಚ್ಚಿನದ್ದಕ್ಕಿಂತ ಸ್ವಲ್ಪ ಕಡಿಮೆ ಇಡಿ. ನಾಝಲ್‌ನಿಂದ ಬರುವ ಗಾಳಿ ಮೆಲ್ಲಗೆ ಬೀಸಲಿ, ಜೋರಾದರೆ ಅಂಚು ಮಂಕಾಗುತ್ತದೆ. ಪೂರ್ತಿ ಬಂದ್ ಮಾಡಿದರೆ ಬೆಂಕಿ ಹತ್ತಬಹುದು. ಕೆಳಗೆ ಅಂಟಿರುವ ಮಾಸ್ಕಿಂಗ್ ಪೇಪರ್ ಹಾಗೇ ಇರಲಿ, ಪ್ಲಾಸ್ಟಿಕ್ ಫಿಲ್ಮ್ ಆದರೆ ಕಿತ್ತುಹಾಕಿ. ಜೇನುಗೂಡು ಬೆಡ್‌ನಿಂದ ಶೀಟನ್ನು ಸ್ವಲ್ಪ ಎತ್ತಿಡಿ, ಇಲ್ಲದಿದ್ದರೆ ಪ್ರತಿಫಲಿಸಿದ ಕಿರಣ ಕೆಳಭಾಗದಲ್ಲಿ ಚುಕ್ಕೆ ಹಾಕುತ್ತದೆ. ಒಳಗಿನ ತೂತುಗಳು ಮೊದಲು, ಹೊರಗಿನ ಗೆರೆ ಕೊನೆಗೆ. ಮಷೀನ್ ಓಡುವಾಗ ಅಲ್ಲಿಂದ ಕದಲಬೇಡಿ, ಟೀಗೂ ಬೇಡ. ಅಕ್ರಿಲಿಕ್ ಹೊತ್ತಿಕೊಂಡರೆ ಚೆನ್ನಾಗಿಯೇ ಉರಿಯುತ್ತದೆ.

ಕತ್ತರಿಸಿದ ಅಂಚನ್ನು ಥಿನ್ನರ್, ಸ್ಪಿರಿಟ್ ಹಾಕಿ ಒರೆಸಬೇಡಿ. ಬಿಸಿಯಿಂದ ಅಂಚಿನಲ್ಲಿ ಉಳಿದ ಒತ್ತಡಕ್ಕೆ ಅದು ತಾಗಿದರೆ ಸಣ್ಣ ಸಣ್ಣ ಬಿರುಕು ಏಳುತ್ತವೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.