ನೀರು ಬಿಗಿ ಹಿಡಿದು ಬೆಳೆದ ತಿಪ್ಪೆ ಟೊಮೆಟೊ: ನನ್ನ ಅನುಭವ

"ಹಕ್ಕಿ ತಿನ್ನೋ ಹಣ್ಣು ತಂದಿದ್ದೀಯಲ್ಲಪ್ಪಾ, ಇದನ್ನ ಯಾರು ಹರಾಜು ಕೂಗ್ತಾರೆ?" ಕೋಲಾರದ ಮಂಡೀಲಿ ಮೊದಲ ಸಲ ಗೋಲಿ ಗಾತ್ರದ ಈ ತಿಪ್ಪೆ ಟೊಮೆಟೊ ಇಳಿಸಿದಾಗ ಕೇಳಿದ ಮಾತು. 15 ಕೆ.ಜಿ. ಬಾಕ್ಸಿಗೆ ದಪ್ಪ ಹಣ್ಣಿನ ಅರ್ಧ ರೇಟೂ ಬರಲಿಲ್ಲ. ಈ ಸಲ ಅದೇ ಹಣ್ಣು ಬೆಂಗಳೂರಿನಲ್ಲಿ ಕಾಲು ಕೆ.ಜಿ. ಡಬ್ಬಿಯಲ್ಲಿ ಮಾರಾಟವಾಯ್ತು, ನನ್ನ ಕೈಗೆ ಕೆ.ಜಿ.ಗೆ 130 ರೂಪಾಯಿ ಹತ್ತಿರ ಬಂತು.

ಬೀಜ ನಮ್ಮ ತಿಪ್ಪೆ ಪಕ್ಕ ತಾನಾಗಿ ಹುಟ್ಟಿದ ಗಿಡದ್ದು. ಹಣ್ಣು ಒಂದೊಂದು 5-6 ಗ್ರಾಂ ತೂಗಿದರೆ ಹೆಚ್ಚು. ಮೊದಲ ವರ್ಷ 10 ಗುಂಟೆಗೆ ನಾಟಿ ಮಾಡಿ, ಹೈಬ್ರಿಡ್‌ಗೆ ಕೊಡೋ ಹಾಗೇ ಗೊಬ್ಬರ, ದಿನಾ ಡ್ರಿಪ್‌ನಲ್ಲಿ ಹನಿ ನೀರು ಕೊಟ್ಟೆ. ಗಿಡ ಆಳೆತ್ತರ ದಾಟಿ ನೀಲಗಿರಿ ಕಡ್ಡಿ ಸಮೇತ ಮಗುಚಿಕೊಂಡಿತು. ಒಂದು ಅಡ್ಡ ಮಳೆಗೆ ಹಣ್ಣೆಲ್ಲ ಬಿರಿದವು. ಹಣ್ಣಿನ ಸಿಹಿ ಅಳೆಯೋ ಬ್ರಿಕ್ಸ್ ಮೀಟರ್ ತೋರಿಸಿದ್ದು ಐದೂವರೆ. ಅಷ್ಟಕ್ಕೆ ಯಾವುದಾದರೂ ಹೈಬ್ರಿಡ್ಡೇ ಸಾಕಿತ್ತು! ಸುಮಾರು 30 ಸಾವಿರ ಕೈಬಿಟ್ಟಿತು.

ಎರಡನೇ ವರ್ಷ ಬೇಸಿಗೆಗೆ ಹಾಕಿದ್ದು ಇನ್ನೊಂದು ದಡ್ಡತನ. ಬಿಸಿಲು 32-33 ಡಿಗ್ರಿ ದಾಟಿದರೆ ಕೆಂಪು ಬಣ್ಣ ಕೊಡೋ ಲೈಕೋಪಿನ್ ಸರಿಯಾಗಿ ಕಟ್ಟೋದಿಲ್ಲ. ಏಪ್ರಿಲ್ ಹಣ್ಣು ಕಿತ್ತಳೆ ಬಣ್ಣಕ್ಕೇ ನಿಂತುಬಿಟ್ಟಿತು. ಈಗ ಆಗಸ್ಟ್ ಕೊನೆಗೆ ಸಸಿ ಮಡಿ, ಸೆಪ್ಟೆಂಬರ್ ಕೊನೆಗೆ ನಾಟಿ, ಡಿಸೆಂಬರ್‌ನಿಂದ ಬಿಡಿಸೋದು. ಚಳಿಗಾಲದ ಹಣ್ಣಿನ ಬಣ್ಣ ನೋಡಬೇಕು, ಕತ್ತರಿಸಿದರೆ ಒಳಗಿನ ಲೋಳೆಯೂ ಕೆಂಪು.

ಸಿಹಿ ಏರಲಿ ಅಂತ ನೀರು ಕಡಿಮೆ ಮಾಡ್ತೀನಿ ಅಂದಾಗ ನಮ್ಮ ಮಾವ "ಗಿಡ ಸಾಯಿಸಕ್ಕೆ ಸಾಲ ಮಾಡಬೇಕಾ?" ಅಂದರು. ಕಾಯಿ ಕಟ್ಟೋವರೆಗೂ ಮಾಮೂಲಿ. ಕೆಳಗಿನ ಗೊಂಚಲು ಬಣ್ಣ ತಿರುಗುತ್ತಿದ್ದ ಹಾಗೆ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ. ಮಧ್ಯಾಹ್ನ ಎಲೆ ಬಾಡಿ ಸಂಜೆಗೆ ಎದ್ದು ನಿಂತರೆ ಸರಿ, ಬೆಳಿಗ್ಗೆಯೂ ಬಾಡಿದ್ದರೆ ಮಿತಿ ಮೀರಿತು ಅಂತ. ಕೊನೆ ಎರಡು ವಾರ ಡ್ರಿಪ್ಪಿನಲ್ಲಿ ಏನು ಬಿಡ್ತೀನಿ ಅನ್ನೋದು ಇಲ್ಲಿ ಬೇಡ, ತೋಟಕ್ಕೆ ಬಂದವರಿಗೂ ಹೇಳಿಲ್ಲ. ಬ್ರಿಕ್ಸ್ 9 ಮುಟ್ಟಿತು, ಒಂದೆರಡು ಗೊಂಚಲು 10. ಇಳುವರಿ 1,900 ಕೆ.ಜಿ.ಯಿಂದ 1,200ಕ್ಕೆ ಇಳಿದದ್ದೂ ನಿಜ.

ಲ್ಯಾಬಿಗೆ ಎರಡು ಸಲ ಕಳಿಸಿ 6 ಸಾವಿರ ಚಿಲ್ಲರೆ ಕಟ್ಟಿದೆ. ಮೊದಲ ಸಲ ದಾರೀಲಿ ಕೆಡಬಾರದು ಅಂತ ಅರೆಹಣ್ಣು ಕಳಿಸಿ ಪೆಚ್ಚಾದೆ. ಗಿಡದಲ್ಲೇ ಪೂರ್ತಿ ಕೆಂಪಾದದ್ದು ಕಳಿಸಿದಾಗ ಲೈಕೋಪಿನ್ 100 ಗ್ರಾಂಗೆ 8 ಮಿ.ಗ್ರಾಂ ಚಿಲ್ಲರೆ, ಪಕ್ಕದ ಹೊಲದ ಹೈಬ್ರಿಡ್‌ದು ಅದರ ಅರ್ಧ. ವಿಟಮಿನ್ ಸಿ ಕೂಡ ಮುಂದಿತ್ತು. ಆ ಚೀಟಿ ತೋರಿಸಿದ ಮೇಲೇ ಡಬ್ಬಿ ಕೊಳ್ಳೋರು ಫೋನ್ ಎತ್ತಿದ್ದು.

ಉಪ್ಪುನೀರಿನ ಪ್ರಯೋಗವೂ ಒಂದು ಸಾಲಿಗೆ ಮಾಡಿದೆ. ಸಿಹಿ ಏರಿತು, ಆದರೆ ಹಣ್ಣು ಮೆಣಸಿನ ಕಾಳಾಯಿತು, ಕೆಮ್ಮಣ್ಣು ಗಟ್ಟಿ ಕಟ್ಟಿತು. ಯಾರೂ ಮಾಡಬೇಡಿ. ಬದನೆ ಜಾತಿಯ ಸುಂಡೆ ಗಿಡದ ಬೇರಿಗೆ ಕಸಿ ಕಟ್ಟಿದ 40 ಗಿಡದಲ್ಲಿ ಸೊರಗು ರೋಗಕ್ಕೆ ಹೋದದ್ದು ಎರಡೇ. ಸುಂಡೆ ಮೊಳೆಯೋದು ನಿಧಾನ, ಟೊಮೆಟೊಗಿಂತ ತಿಂಗಳು ಮೊದಲೇ ಚೆಲ್ಲಬೇಕು. ನನ್ನ ಹೆಂಡತಿ ಉಳಿಕೆ ಹಣ್ಣು ಒಣಗಿಸಿ ಕಡಲೆಕಾಯಿ ಎಣ್ಣೆಯಲ್ಲಿ ಹಾಕಿಟ್ಟಿದ್ದಾಳೆ. ಎಣ್ಣೆ ಜೊತೆ ತಿಂದರೆ ಲೈಕೋಪಿನ್ ಮೈಗೆ ಚೆನ್ನಾಗಿ ಹತ್ತುತ್ತೆ, ಆದರೆ ಮನೇಲಿ ಅದು ಉಳಿದಿರೋದು ಅರ್ಧ ಬಾಟಲಿ.

ಕಷ್ಟ ಇರೋದು ಬಿಡಿಸೋದರಲ್ಲೇ. ತೊಟ್ಟು ಬಿಟ್ಟು ಎಳೆದರೆ ಹಣ್ಣು ಸೀಳುತ್ತೆ, ಅದಕ್ಕೇ ತೊಟ್ಟು ಸಮೇತ ಕತ್ತರಿಸಬೇಕು. ಒಬ್ಬರು ದಿನಕ್ಕೆ 25 ಕೆ.ಜಿ. ಬಿಡಿಸಿದರೆ ಅದೇ ಜಾಸ್ತಿ, ಕೂಲಿ 400. ಹಣ್ಣಿನ ಮುಕ್ಕಾಲು ಭಾಗ ಡಬ್ಬಿಗೆ, ಮಿಕ್ಕಿದ್ದು ಮಂಡಿಗೆ ಹೋಯ್ತು. ಎಲ್ಲ ಖರ್ಚು ಕಳೆದು 60 ಸಾವಿರದ ಮೇಲೆ ಉಳಿಯಿತು. ಮಾವ ಮೊನ್ನೆ ಬಂದು ಬೀಜ ಕೇಳಿದರು. ಕೊಟ್ಟೆ, ಡ್ರಿಪ್ಪಿನ ಗುಟ್ಟು ಮಾತ್ರ ಕೊಡಲಿಲ್ಲ.