ಹನ್ನೆರಡು ಮಷೀನುಗಳ ಆನ್‌ಲೈನ್ ಹರಾಜು: ನನ್ನ ಅನುಭವ

1,06,000 ರೂಪಾಯಿಗೆ ನಾನು ಹರಾಜು ಗೆದ್ದೆ. ಆ ಮಷೀನುಗಳು ಬಳ್ಳಾರಿಗೆ ಬಂದು, ಟೇಬಲ್ ಮೇಲೆ ಕೂತು, ಹೊಲಿಯೋಕೆ ಶುರು ಮಾಡುವ ಹೊತ್ತಿಗೆ ಖರ್ಚು 1,63,000 ದಾಟಿತ್ತು. ಮಧ್ಯದ 57,000 ಎಲ್ಲಿ ಹೋಯಿತು ಅನ್ನೋದನ್ನ ಬಿಡಿಸಿ ಬರೆಯುತ್ತೇನೆ. ನನ್ನಂಥ ಸಣ್ಣ ಯೂನಿಟ್ ಇಟ್ಟುಕೊಂಡವರು ಈಗ ಮೊಬೈಲ್‌ನಲ್ಲೇ ಹರಾಜು ಕೂಗುತ್ತಿದ್ದಾರೆ, ಅವರಿಗೆ ಬೇಕಾಗಬಹುದು.

ಕೌಲ್ ಬಜಾರ್ ಕಡೆ ನನ್ನದೊಂದು ಜೀನ್ಸ್ ಹೊಲಿಯುವ ಯೂನಿಟ್ ಇದೆ. ಕಟಿಂಗ್ ಆದ ಬಟ್ಟೆ ಬಂಡಲ್ ಕಟ್ಟಿಕೊಂಡು ಬರುತ್ತದೆ, ನಾವು ಹೊಲಿದು ಕೊಡುತ್ತೇವೆ, ಪೀಸಿಗೆ ಇಷ್ಟು ಅಂತ ಕೂಲಿ. ಈ ಕೆಲಸದಲ್ಲಿ ಹೊಸ ಮಷೀನು ಕೊಳ್ಳುವವರು ಕಡಿಮೆ. ಯಾರೋ ಯೂನಿಟ್ ಮುಚ್ಚುತ್ತಾರೆ, ಅವರ ಮಷೀನು ಇನ್ನೊಬ್ಬರ ಮನೆಗೆ ಹೋಗುತ್ತದೆ. ಮೊದಲೆಲ್ಲ ಇದು ಬಾಯಿಮಾತಿನಲ್ಲೇ ಆಗುತ್ತಿತ್ತು. ಹೋಗಿ, ಚಕ್ರ ಕೈಯಲ್ಲಿ ತಿರುಗಿಸಿ ನೋಡಿ, ಚಹಾ ಕುಡಿದು, ರೇಟು ಮಾತಾಡಿ, ಆಟೋದಲ್ಲಿ ಹಾಕಿಕೊಂಡು ಬರೋದು. ಅಷ್ಟೇ.

ಈ-ಹರಾಜು ಅನ್ನೋ ಮಾತು ನಮ್ಮೂರಿಗೆ ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ, ರಾಶಿ ಬಿದ್ದಿದ್ದ ಅದಿರನ್ನು ಈ-ಹರಾಜಿನಲ್ಲೇ ಮಾರಿದರು. ಲಾರಿ ಇಟ್ಟುಕೊಂಡವರ ಬಾಯಲ್ಲೆಲ್ಲ ಆಗ ಅದೇ ಮಾತು. ಆದರೆ ಅದು ದೊಡ್ಡವರ ಲೆಕ್ಕ. ನಮ್ಮಂಥವರು ಹಳೇ ಮಷೀನಿಗೆ ಆನ್‌ಲೈನ್‌ನಲ್ಲಿ ಕೂಗುವ ಕಾಲ ಬರುತ್ತದೆ ಅಂತ ನಾನಂತೂ ಅಂದುಕೊಂಡಿರಲಿಲ್ಲ.

2022ರಲ್ಲಿ ಬೆಂಗಳೂರಿನ ಪೀಣ್ಯ ಕಡೆ ಮುಚ್ಚಿದ್ದ ಒಂದು ಗಾರ್ಮೆಂಟ್ ಯೂನಿಟ್‌ನ ಸಾಮಾನು ಹರಾಜಿಗೆ ಬಂತು. ಒಂದು ಲಾಟ್‌ನಲ್ಲಿ ಹನ್ನೆರಡು ಮಷೀನು. ನೇರ ಹೊಲಿಗೆ ಹಾಕುವ ಸಿಂಗಲ್ ನೀಡಲ್ ಎಂಟು, ಬಟ್ಟೆಯ ಅಂಚು ಬಿಚ್ಚದ ಹಾಗೆ ಹೊಲಿಯುವ ಓವರ್‌ಲಾಕ್ ಮೂರು, ಒಂದು ಫೀಡ್ ಆಫ್ ದಿ ಆರ್ಮ್. ಪ್ಯಾಂಟಿನ ಕಾಲಿನ ಉದ್ದಕ್ಕೂ ಎರಡು ಸಾಲು ಗಟ್ಟಿ ಹೊಲಿಗೆ ಬರುತ್ತದಲ್ಲ, ಆ ಹೊಲಿಗೆ ಹಾಕುವ ಮಷೀನು ಇದು. ಅದಿಲ್ಲದೆ ನಾನು ಪ್ರತಿ ಬಂಡಲ್ಲನ್ನೂ ಆ ಒಂದು ಹೊಲಿಗೆಗಾಗಿ ಪಕ್ಕದ ಬೀದಿಗೆ ಹೊತ್ತುಕೊಂಡು ಹೋಗಬೇಕಿತ್ತು. ನಿಜ ಹೇಳಬೇಕು ಅಂದರೆ ನನಗೆ ಬೇಕಾಗಿದ್ದು ಅದೊಂದೇ. ಉಳಿದ ಹನ್ನೊಂದು ಅದರ ಜೊತೆ ಬಂದವು. ಲಾಟ್ ಅಂದರೆ ಹಾಗೇ. ಮಾರುವವರು ಒಂದು ಒಳ್ಳೆಯದರ ಜೊತೆ ಹತ್ತು ಸಾಮಾನ್ಯದ್ದನ್ನು ಕಟ್ಟಿ ಇಡುತ್ತಾರೆ, ನಮ್ಮ ಕಣ್ಣು ಆ ಒಂದರ ಮೇಲೇ ಇರುತ್ತದೆ.

ಕನಿಷ್ಠ ಬೆಲೆ 60,000 ಅಂತ ಇಟ್ಟಿದ್ದರು. ಅದರ ಶೇಕಡ 10, ಅಂದರೆ 6,000, ಮುಂಗಡ ಠೇವಣಿ ಕಟ್ಟಿದರೆ ಮಾತ್ರ ಕೂಗೋಕೆ ಅವಕಾಶ. ಸೋತರೆ ವಾಪಸ್. ಆದರೆ ವಾಪಸ್ ಬರೋಕೆ ಎಷ್ಟು ದಿನ ಅನ್ನೋದು ಷರತ್ತಿನಲ್ಲಿ ಸರಿಯಾಗಿ ಇರೋದಿಲ್ಲ. ಇದಕ್ಕೆ ಮೊದಲು ಇನ್ನೊಂದು ಲಾಟ್‌ನಲ್ಲಿ ನಾನು ಸೋತಿದ್ದೆ, ಆ ದುಡ್ಡು ಕೈಗೆ ಬರೋಕೆ ಇಪ್ಪತ್ತು ದಿನ ಹಿಡಿಯಿತು. ಆ ಇಪ್ಪತ್ತು ದಿನ ದಾರ ತರೋಕೆ ನಾನು ಉದ್ರಿ ಕೇಳಬೇಕಾಯಿತು.

ಹರಾಜು ಸಂಜೆ 4 ಗಂಟೆಗೆ ಮುಗಿಯಬೇಕಿತ್ತು. 90,000 ದಾಟಬಾರದು ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಬರೆದಿಟ್ಟಿರಲಿಲ್ಲ. 4 ಗಂಟೆ ಹತ್ತಿರ ಬಂದಾಗ 80,000 ಇತ್ತು, ನಾನೇ ಮುಂದಿದ್ದೆ. ಕೊನೇ ನಿಮಿಷದಲ್ಲಿ ಇನ್ನೊಬ್ಬರು 81,000 ಹಾಕಿದರು. ಕೂಡಲೇ ಗಡಿಯಾರ ಐದು ನಿಮಿಷ ಮುಂದೆ ಹೋಯಿತು.

ಈ ನಿಯಮ ಅರ್ಥ ಮಾಡಿಕೊಳ್ಳದೆ ಕೂಗೋಕೆ ಇಳಿಯಬೇಡಿ. ಹರಾಜಿನಲ್ಲಿ ಎರಡು ಥರ ಇದೆ. ಒಂದರಲ್ಲಿ ಸಮಯ ಮುಗಿದರೆ ಮುಗಿಯಿತು, ಕೊನೇ ಸೆಕೆಂಡಿನಲ್ಲಿ ಯಾರು ಜಾಸ್ತಿ ಹಾಕಿರುತ್ತಾರೋ ಅವರದು. ಇಬೇ ಇರೋದು ಹೀಗೆ. ನಮ್ಮ ದೇಶದ ಇಬೇ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು, ಹೊರದೇಶಗಳಲ್ಲಿ ಇನ್ನೂ ನಡೆಯುತ್ತಿದೆ. ಅಲ್ಲಿ ನಮ್ಮ ಗರಿಷ್ಠ ಬೆಲೆಯನ್ನ ಮೊದಲೇ ಕೊಟ್ಟುಬಿಡಬಹುದು, ಎದುರಿನವರು ಹಾಕಿದ್ದಕ್ಕಿಂತ ಒಂದು ಮೆಟ್ಟಿಲು ಮಾತ್ರ ಮೇಲೆ ಅದೇ ಕೂಗುತ್ತಾ ಹೋಗುತ್ತದೆ, ನಮ್ಮ ಗರಿಷ್ಠ ಬೆಲೆ ಇತರರಿಗೆ ಕಾಣೋದಿಲ್ಲ. ಇನ್ನೊಂದು ಥರ, ಬ್ಯಾಂಕ್ ಹರಾಜು, ಫ್ಯಾಕ್ಟರಿ ಸಾಮಾನಿನ ಹರಾಜುಗಳಲ್ಲಿ ಜಾಸ್ತಿ ಇರೋದು. ಕೊನೇ ಐದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಸಮಯ ಇನ್ನೂ ಐದು ನಿಮಿಷ ಬೆಳೆಯುತ್ತದೆ. ಮತ್ತೆ ಕೂಗಿದರೆ ಮತ್ತೆ ಐದು. ಮಾರುವವರಿಗೆ ಇದು ಒಳ್ಳೆಯದು, ಬೆಲೆ ನಿಜವಾಗಿಯೂ ಎಲ್ಲಿವರೆಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಕೊಳ್ಳುವವರಿಗೆ ಇದು ತಾಳ್ಮೆಯ ಪರೀಕ್ಷೆ.

ಸಾವಿರ ಸಾವಿರವಾಗಿ ಏರುತ್ತಾ ಹೋಯಿತು. ಯೂನಿಟ್‌ನಲ್ಲಿ ಮಷೀನು ಓಡುತ್ತಿವೆ, ಹುಡುಗರು ದಾರ ಕೇಳುತ್ತಿದ್ದಾರೆ, ನಾನು ಮೊಬೈಲ್ ಬಿಟ್ಟು ಏಳುತ್ತಿಲ್ಲ. 90,000 ದಾಟಿದ್ದು ನನಗೆ ಗೊತ್ತಾಗಿದೆ, ಆದರೆ ಆಗ ತಲೆಯಲ್ಲಿ ಇದ್ದ ಲೆಕ್ಕ ಬೇರೆ: ಇನ್ನೊಂದೇ ಸಾವಿರ ತಾನೇ, ಹನ್ನೆರಡು ಮಷೀನಿಗೆ ಹಂಚಿದರೆ ಒಂದಕ್ಕೆ ಎಂಬತ್ಮೂರು ರೂಪಾಯಿ. ಹೀಗೇ ಹದಿನಾರು ಸಲ ಆಯಿತು. ಆರು ಗಂಟೆ ಹತ್ತಿರ ಎದುರಿನವರು ನಿಲ್ಲಿಸಿದರು. ನಾನು ಗೆದ್ದೆ, ಮನೆಯಲ್ಲಿ ಎಲ್ಲರಿಗೂ ಖುಷಿ.

ಆಮೇಲೆ ಖರ್ಚಿನ ಸಾಲು. ಆಗ ಹೊಲಿಗೆ ಮಷೀನಿಗೆ ಶೇಕಡ 12 ಜಿಎಸ್‌ಟಿ. ಕೂಗಿದ ಬೆಲೆ ಮೇಲೆ 12,720. ಜಿಎಸ್‌ಟಿ ನೋಂದಣಿ ಇದ್ದವರು ಇದನ್ನ ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಸಣ್ಣ ಜಾಬ್ ವರ್ಕ್ ಮಾಡುವ ನನಗೆ ನೋಂದಣಿ ಇಲ್ಲ, ಹಾಗಾಗಿ ಅದು ಹೋದ ದುಡ್ಡೇ. ಪೀಣ್ಯದಿಂದ ಹಿರಿಯೂರು, ಚಳ್ಳಕೆರೆ ಮೇಲೆ ಬಳ್ಳಾರಿ ಮುಟ್ಟೋಕೆ ಸುಮಾರು 300 ಕಿಲೋಮೀಟರ್, ಗಾಡಿ ಬಾಡಿಗೆ 14,000. ಅಲ್ಲಿನ ಹಮಾಲರೇ ಏರಿಸಬೇಕು, ನಮ್ಮ ಹುಡುಗರು ಮುಟ್ಟುವ ಹಾಗಿಲ್ಲ ಅಂದರು, 3,500. ಇಷ್ಟು ದಿನದೊಳಗೆ ಎತ್ತದಿದ್ದರೆ ದಿನಕ್ಕಿಷ್ಟು ಜಾಗದ ಬಾಡಿಗೆ ಅಂತ ಬೇರೆ ಇತ್ತು, ಪುಣ್ಯಕ್ಕೆ ಅದು ಬೀಳಲಿಲ್ಲ.

ಮೋಟಾರು ನನ್ನ ಲೆಕ್ಕದಲ್ಲೇ ಇರಲಿಲ್ಲ. ಹಳೇ ಫ್ಯಾಕ್ಟರಿ ಮಷೀನುಗಳಿಗೆ ಹೆಚ್ಚಾಗಿ ತ್ರೀ ಫೇಸ್ ಕ್ಲಚ್ ಮೋಟಾರು ಇರುತ್ತದೆ. ನಮ್ಮ ಯೂನಿಟ್ ಮನೆಯ ಕೆಳಗೆ, ಕರೆಂಟು ಸಿಂಗಲ್ ಫೇಸ್, ಅದರಲ್ಲಿ ಆ ಮೋಟಾರು ಓಡೋದಿಲ್ಲ. ಫೋಟೋದಲ್ಲಿ ಮೋಟಾರು ಕಾಣುತ್ತಿತ್ತು, ಅದರ ಮೇಲಿನ ಪ್ಲೇಟು ಓದೋಕೆ ಆಗುತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಒಂದು ಫೋನಿನಲ್ಲಿ ಮುಗಿಯುವ ಪ್ರಶ್ನೆ. ನನ್ನ ಹತ್ತಿರ ಮೂರು ಹಳೇ ಸಿಂಗಲ್ ಫೇಸ್ ಮೋಟಾರು ಇದ್ದವು, ಐದು ಸರ್ವೋ ಮೋಟಾರು ಹೊಸದು ತಂದೆ, 24,000. ಸರ್ವೋ ಒಳ್ಳೆಯದೇ, ಕಾಲು ಒತ್ತಿದಾಗ ಮಾತ್ರ ಓಡುತ್ತದೆ, ಕ್ಲಚ್ ಮೋಟಾರಿನ ಹಾಗೆ ಸುಮ್ನೆ ಗುಂಯ್ ಅಂತ ಇಡೀ ದಿನ ತಿರುಗೋದಿಲ್ಲ. ಆದರೆ ಆ ದುಡ್ಡು ಕೂಗುವ ಮೊದಲು ನನ್ನ ಲೆಕ್ಕದಲ್ಲಿ ಇರಬೇಕಿತ್ತು ಅಲ್ವಾ?

ಸಾಮಾನು ಎತ್ತೋಕೆ ಹೋದಾಗ ಎರಡು ಟೇಬಲ್ ಕೆಳಗೆ ಮೋಟಾರೇ ಇರಲಿಲ್ಲ. ಫೋಟೋದಲ್ಲಿ ಇತ್ತು. ಕೇಳಿದೆ. ಎಲ್ಲಿ ಹೇಗಿದೆಯೋ ಹಾಗೇ ಅಂತ ಷರತ್ತಿನಲ್ಲಿ ಬರೆದಿದೆ ನೋಡಿ ಅಂದರು. ಬರೆದಿತ್ತು, ನಾನು ಸಹಿಯೂ ಹಾಕಿದ್ದೆ. ಹರಾಜಿಗೆ ಮೊದಲು ಸಾಮಾನು ನೋಡೋಕೆ ಒಂದು ದಿನ ಕೊಟ್ಟಿರುತ್ತಾರೆ. ಬಸ್ ಖರ್ಚು, ಒಂದು ದಿನದ ಕೆಲಸ ಹೋಗುತ್ತದೆ ಅಂತ ನಾನು ಹೋಗಿರಲಿಲ್ಲ. ಹೋಗಿ ಪ್ರತಿ ಮಷೀನಿನ ನಂಬರು, ಮೋಟಾರಿನ ಸಮೇತ ವಿಡಿಯೋ ತೆಗೆದಿದ್ದರೆ ಮಾತಾಡೋಕೆ ಬಾಯಿ ಇರುತ್ತಿತ್ತು.

ಇನ್ನೊಂದು ತಪ್ಪು ದಾರಿಯಲ್ಲಿ ಆಯಿತು. ಸಿಂಗಲ್ ನೀಡಲ್ ಮಷೀನಿನ ಕೆಳಗೆ ಎಣ್ಣೆ ತಟ್ಟೆ ಇರುತ್ತದೆ. ಗಾಡಿಗೆ ಏರಿಸುವ ಮೊದಲು ಹೆಡ್ ಹಿಂದಕ್ಕೆ ಮಲಗಿಸಿ ಆ ಎಣ್ಣೆ ಪೂರ್ತಿ ತೆಗೆಯಬೇಕು. ಅವಸರದಲ್ಲಿ ಬಿಟ್ಟೆ. ಬಳ್ಳಾರಿಯಲ್ಲಿ ಟಾರ್ಪಾಲಿನ್ ತೆಗೆದರೆ ಟೇಬಲ್‌ಗಳ ಮೇಲೆಲ್ಲ ಕಪ್ಪು ಎಣ್ಣೆ, ಮರ ಕುಡಿದುಬಿಟ್ಟಿದೆ. ತಿಂಗಳುಗಟ್ಟಲೆ ಬಟ್ಟೆಗೆ ಕಲೆ ಹತ್ತುತ್ತಿತ್ತು, ಪ್ರತಿ ಬೆಳಿಗ್ಗೆ ಟೇಬಲ್ ಮೇಲೆ ಹಳೇ ಪೇಪರ್ ಹಾಸಿ ಕೂರಬೇಕಾಗಿತ್ತು.

ಎಂಟರಲ್ಲಿ ನಾಲ್ಕು ಎಣ್ಣೆ ಹಾಕಿದ ಕೂಡಲೇ ಓಡಿದವು. ಮೂರಕ್ಕೆ ಹುಕ್, ಅಂದರೆ ಮೇಲಿನ ದಾರವನ್ನ ಕೆಳಗಿನ ದಾರಕ್ಕೆ ಸಿಕ್ಕಿಸುವ ಭಾಗ, ಸವೆದಿತ್ತು. ತೆಳು ಬಟ್ಟೆ ಮೇಲೆ ಚೆನ್ನಾಗೇ ಹೊಲಿಯುತ್ತಿತ್ತು, ಜೀನ್ಸಿನ ದಪ್ಪ ಮಡಿಕೆ ಬಂದಾಗ ದಾರ ನುಚ್ಚುನುಚ್ಚಾಗಿ ಹರಿಯುತ್ತಿತ್ತು. ಇನ್ನೊಂದರಲ್ಲಿ ಸೂಜಿ ಹಿಡಿಯುವ ರಾಡ್ ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ಅದನ್ನ ಬಿಚ್ಚಿ ಉಳಿದವಕ್ಕೆ ಬಿಡಿಭಾಗ ಮಾಡಿಕೊಂಡೆ. ಹುಕ್ ಸೆಟ್, ಚಿಲ್ಲರೆ ಸಾಮಾನು 3,000. ಫೀಡ್ ಆಫ್ ದಿ ಆರ್ಮ್ ಮಾತ್ರ ಬಂಗಾರದಂಥ ಮಷೀನು. ಈಗಲೂ ಓಡುತ್ತಿದೆ.

ಬೇಡದ ಎರಡು ಸಿಂಗಲ್ ನೀಡಲ್, ಎರಡು ಓವರ್‌ಲಾಕ್ ಮಾರೋಣ ಅಂತ ಆನ್‌ಲೈನ್‌ನಲ್ಲಿ ಹಾಕಿದೆ. ಕೊಳ್ಳೋದಕ್ಕಿಂತ ಮಾರೋದು ಕಷ್ಟ ಅಂತ ಆಗ ಗೊತ್ತಾಯಿತು. ಮೊದಲ ದಿನವೇ ನಲವತ್ತು ಮೆಸೇಜು, ಎಲ್ಲದರಲ್ಲೂ ಒಂದೇ ಮಾತು: "ಅಣ್ಣಾ, ಲಾಸ್ಟ್ ಎಷ್ಟು?" ಮಷೀನು ಯಾವುದು, ಓಡುತ್ತಾ ಇಲ್ವಾ, ಯಾರೂ ಕೇಳಲ್ಲ. ರಾಯಚೂರು ಕಡೆಯ ಒಬ್ಬರು ಭಾನುವಾರ ಬರ್ತೀನಿ, ಯಾರಿಗೂ ಕೊಡಬೇಡಿ ಅಂದರು. ಮೂರು ಭಾನುವಾರ ಕಾದೆ. ಆ ಮಧ್ಯೆ ಬಂದ ಇಬ್ಬರನ್ನ ವಾಪಸ್ ಕಳಿಸಿದ್ದೆ, ಮಾತು ಕೊಟ್ಟಿದ್ದೆ ಅಂತ. ಈಗ ಅಡ್ವಾನ್ಸ್ ಇಲ್ಲದೆ ಯಾರಿಗೂ ಹಿಡಿದಿಡೋದಿಲ್ಲ.

ಇನ್ನೊಬ್ಬ ಫೋನ್ ಮಾಡಿ ತಾನು ಮಿಲಿಟರಿಯಲ್ಲಿ ಇದ್ದೀನಿ, ಹೆಂಡತಿಗೆ ಮಷೀನು ಬೇಕು ಅಂದ. ರೇಟು ಕೇಳಲೂ ಇಲ್ಲ, ಒಪ್ಪಿಕೊಂಡ. ದುಡ್ಡು ಕಳಿಸ್ತೀನಿ ಅಂತ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ನನ್ನ ಮಗಳು ಪಕ್ಕದಲ್ಲಿ ಇದ್ದಳು. "ಅಪ್ಪಾ, ದುಡ್ಡು ಬರೋಕೆ ಪಿನ್ ಯಾಕೆ?" ಅಂದಳು. ಯುಪಿಐನಲ್ಲಿ ದುಡ್ಡು ಪಡೆಯೋಕೆ ಪಿನ್ ಬೇಡ, ಸ್ಕ್ಯಾನ್ ಬೇಡ. ಪಿನ್ ಹಾಕಿದರೆ ನಮ್ಮ ಖಾತೆಯಿಂದ ದುಡ್ಡು ಹೋಗುತ್ತದೆ. ನಮ್ಮ ಬೀದಿಯಲ್ಲೇ ಒಬ್ಬ ಅಕ್ಕ ಹೀಗೇ 9,000 ಕಳೆದುಕೊಂಡರು, ನಾಚಿಕೆಯಿಂದ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಆಗಿಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ದುಡ್ಡು ಮುಂದಿನ ಖಾತೆಗೆ ಹೋಗುವ ಮೊದಲು ತಡೆಯೋಕೆ ಆ ಮೊದಲ ಗಂಟೆಗಳೇ ಮುಖ್ಯ.

ನಂತರ ಹಾಕುವ ರೀತಿಯನ್ನೇ ಬದಲಿಸಿದೆ. ಫೋಟೋ ತೆಗೆದುಹಾಕಿ ಎರಡು ನಿಮಿಷದ ವಿಡಿಯೋ ಹಾಕಿದೆ. ಬೆಳಿಗ್ಗೆ ಮೊದಲ ಸಲ ಆನ್ ಮಾಡುವಾಗಿಂದ ಶುರು. ಮಷೀನಿನ ತಲೆ ಮೇಲೆ ಚಿಕ್ಕ ಗಾಜಿನ ಕಿಟಕಿ ಇರುತ್ತದೆ, ಓಡುವಾಗ ಅದರಲ್ಲಿ ಎಣ್ಣೆ ಚಿಮ್ಮೋದು ಕಾಣಬೇಕು. ಕಾಣದಿದ್ದರೆ ಎಣ್ಣೆ ಮೇಲೆ ಏರುತ್ತಿಲ್ಲ ಅಂತ, ಆ ಮಷೀನು ಇವತ್ತು ಓಡಿದರೂ ಹೆಚ್ಚು ದಿನ ಬಾಳಲ್ಲ. ಅದನ್ನ ಹತ್ತಿರದಿಂದ ತೋರಿಸಿದೆ. ಟೇಬಲ್‌ನ ಎಣ್ಣೆ ಕಲೆ, ಪೇಂಟ್ ಹೋದ ಜಾಗ, ಬದಲಿಸಿದ ಹುಕ್, ಎಲ್ಲ ತೋರಿಸಿ ಬಾಯಲ್ಲೇ ಹೇಳಿದೆ. ಮೆಸೇಜು ನಲವತ್ತರಿಂದ ಆರಕ್ಕೆ ಇಳಿಯಿತು. ಆ ಆರರಲ್ಲಿ ನಾಲ್ಕು ಜನ ಬಂದು ನೋಡಿದರು. ನೀವು ಕೊಳ್ಳುವವರಾದರೂ ಇದೇ ವಿಡಿಯೋ ಕೇಳಿ. ಕಳಿಸೋಕೆ ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ.

ಈಗ ಕೂಗುವ ಮೊದಲು ಒಂದು ಹಾಳೆ ಬರೆಯುತ್ತೇನೆ. ನನ್ನ ಬಾಗಿಲಿಗೆ ಬಂದು ಹೊಲಿಯೋಕೆ ಶುರು ಮಾಡಿದಾಗ ಎಷ್ಟಕ್ಕೆ ಬೀಳಬೇಕು ಅನ್ನೋದು ಮೇಲೆ. ಅದರಿಂದ ತೆರಿಗೆ, ಗಾಡಿ, ಹಮಾಲಿ, ಮೋಟಾರು, ರಿಪೇರಿ ಕಳೆಯುತ್ತೇನೆ. ಉಳಿದದ್ದು ನನ್ನ ಕೊನೇ ಕೂಗು. ಆ ಹನ್ನೆರಡಕ್ಕೆ ಈ ಲೆಕ್ಕ ಹಾಕಿದ್ದರೆ 70,000ಕ್ಕೇ ನಿಲ್ಲಬೇಕಿತ್ತು. ಹಾಳೆಯನ್ನ ಹೆಂಡತಿ ಕೈಗೆ ಕೊಡುತ್ತೇನೆ. ಆ ನಂಬರು ಬಂದ ಕೂಡಲೇ ಅವಳು ಮೊಬೈಲ್ ತೆಗೆದುಕೊಳ್ಳುತ್ತಾಳೆ. ಹೋದ ವರ್ಷ ಹೀಗೆ ಮೂರು ಹರಾಜು ಬಿಟ್ಟೆ, ಒಂದು ಬಟನ್ ಹೋಲ್ ಮಷೀನು ಸಿಕ್ಕಿತು.

ಕೊನೇ ಸಿಂಗಲ್ ನೀಡಲ್ ಕೊಂಡವರು ಸಿರುಗುಪ್ಪದಿಂದ ಬಂದ ಒಬ್ಬ ಅಕ್ಕ. ಚೀಲದಿಂದ ತಮ್ಮದೇ ಜೀನ್ಸ್ ತುಂಡು ತೆಗೆದರು, 18 ನಂಬರ್ ಸೂಜಿಯನ್ನೂ ತಂದಿದ್ದರು. ಮೊದಲು ಕೈಯಲ್ಲಿ ಚಕ್ರ ನಿಧಾನಕ್ಕೆ ತಿರುಗಿಸಿ ಎಲ್ಲಾದರೂ ಬಿಗಿ ಹಿಡಿಯುತ್ತಾ ನೋಡಿದರು. ತುಂಡನ್ನ ಎಂಟು ಪದರ ಆಗುವ ಹಾಗೆ ಮಡಚಿ, ಆ ಉಬ್ಬಿನ ಮೇಲೆ ಹೊಲಿಗೆ ಓಡಿಸಿದರು, ತಿರುಗಿಸಿ ಕೆಳಗಿನ ದಾರ ನೋಡಿದರು. ಮತ್ತೊಂದು ಸಲ. ನಾನು ಏನೂ ಮಾತಾಡಲಿಲ್ಲ. "ಹುಕ್ ಹೊಸದು ಹಾಕೀರಲ್ರೀ ಅಣ್ಣಾ?" ಅಂದರು. ಹೌದಕ್ಕ ಅಂದೆ. ಐನೂರು ಕಮ್ಮಿ ಮಾಡಿ ಅಂದರು, ಮಾಡಿದೆ. ಗಾಡಿಗೆ ಏರಿಸುವ ಮೊದಲು ಹೆಡ್ ಮಲಗಿಸಿ ಎಣ್ಣೆ ತೆಗೆದು, ಬಾಟಲಿಗೆ ತುಂಬಿ ಅವರ ಕೈಗೇ ಕೊಟ್ಟೆ.