ಬಲಗಣ್ಣಿಗೆ ನೀಲಿ, ಎಡಗಣ್ಣಿಗೆ ಕರಿ

ಇಳಕಲ್ಲಿನಲ್ಲಿ 32 ವರ್ಷಗಳಿಂದ ನೂಲಿಗೆ ಬಣ್ಣ ಹಾಕುತ್ತಿದ್ದೇನೆ. ಎರಡು ವರ್ಷಗಳ ಹಿಂದೆ, ಜಂಬುನೀಲಿ ಒಡಲಿನ ಸೀರೆಯೊಂದು ಅರ್ಧ ಆಗಿದ್ದಾಗ, ನೇಯುತ್ತಿದ್ದ ತಮ್ಮನ ಮಗ ಮನೆಗೆ ಬಂದು, "ದೊಡ್ಡಪ್ಪಾ, ನಡುವೆ ಪಟ್ಟಿ ಬಿದ್ದಿದೆ. ಎರಡನೆಯ ಸಲ ಕೊಟ್ಟ ನೂಲಿನ ಲಡಿ ಬೇರೆ ಬಣ್ಣವಾಗಿದೆ" ಎಂದ. ಹೋಗಿ ನೋಡಿದೆ. ನನಗೆ ಪಟ್ಟಿ ಕಾಣಲಿಲ್ಲ. ಮಿಕ್ಕ ಲಡಿಗಳನ್ನು ಬಿಸಿಲಿಗೆ ಹಿಡಿದೆ, ಎರಡೂ ಒಂದೇ.

ಬಣ್ಣಗಾರನ ಬಳಿ ನೆಪಗಳಿಗೆ ಬರವಿಲ್ಲ. ದಡಿಯ ಕೆಂಪು ಪಕ್ಕದಲ್ಲಿದ್ದರೆ ಒಡಲಿನ ಬಣ್ಣ ಬೇರೆಯೇ ಕಾಣುತ್ತದೆ ಎಂದೆ. ಅದು ಸುಳ್ಳಲ್ಲ. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆಮನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನ ವಿಜ್ಞಾನಿಗೂ ಕರಿ ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಹುಡುಕಿದರೆ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿದ್ದ ನೀಲಿ, ನೇರಳೆ ಎಳೆಗಳು ಕರಿಯನ್ನು ಕೆಡಿಸಿದ್ದವು. 1839ರಲ್ಲಿ ಅವನು ಇದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗಳು ಹಿಂದೊಮ್ಮೆ ಹೇಳಿದ್ದ ಕಥೆ. ನನಗೆ ಆಪತ್ತಿನಲ್ಲಿ ಒದಗಿತು. ಹುಡುಗ ಮಾತ್ರ ಒಪ್ಪಲಿಲ್ಲ. "ದಡಿ ಸೀರೆಯುದ್ದಕ್ಕೂ ಒಂದೇ ಇದೆಯಲ್ಲ, ದೊಡ್ಡಪ್ಪಾ?"

ಉತ್ತರ ಹೊಳೆಯದೆ ಬೈದು ಕಳಿಸಿದೆ. ಸೀರೆಯನ್ನು ಸಾಹುಕಾರರು ಅರ್ಧ ಬೆಲೆಗೆ ಇಟ್ಟುಕೊಂಡರು.

ಮಗಳು ಹಟ ಹಿಡಿದು ಬಾಗಲಕೋಟೆಗೆ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ. ಮೊದಲು ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ಪಟ್ಟಿ ಬಿಚ್ಚಿದಾಗ ನನ್ನ ಧೋತರ ಯಾರೋ ನೀಲಿ ಹೆಚ್ಚು ಹಾಕಿ ಒಗೆದಂತೆ ಕಂಡಿತು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ: ಅದೇ ಧೋತರ ಚಹಾ ಸೋಸಿದ ಬಟ್ಟೆಯಂತಿತ್ತು. ಆಸ್ಪತ್ರೆಯ ಮಂಚದ ಮೇಲೆ ಕುಳಿತು ಒಂದು ಕಣ್ಣು ತೆರೆಯುವುದು, ಇನ್ನೊಂದು ಮುಚ್ಚುವುದು. ಪಕ್ಕದ ಮಂಚದವರು ನನ್ನನ್ನು ಏನೆಂದುಕೊಂಡರೋ.

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ, ನೀಲಿ ಮತ್ತು ನೇರಳೆ ಬೆಳಕನ್ನು ಒಳಗೆ ಬಿಡದೆ ಹೀರುತ್ತದೆ. ಇದು ವರ್ಷಗಟ್ಟಲೆ ನಿಧಾನವಾಗಿ ನಡೆಯುವುದರಿಂದ ಮಿದುಳು ಒಗ್ಗಿಕೊಂಡು, ಹಳದಿಯನ್ನೇ ಬಿಳಿ ಎಂದು ತೋರಿಸುತ್ತಾ ಹೋಗುತ್ತದೆ. ಹಾಗಾಗಿ ನನಗೆ ಏನೂ ಕಳೆದುಕೊಂಡಂತೆ ಅನಿಸಿರಲೇ ಇಲ್ಲ. ಕೆಂಪು, ಹಳದಿಗಳಲ್ಲಿ ತಪ್ಪದೆ, ಗಾಢ ನೀಲಿಗಳಲ್ಲಿ ಮಾತ್ರ ಜಾರುತ್ತಿದ್ದೆ. ಊರಿಗೆ ಬಂದ ಕೂಡಲೇ ಆ ಲಡಿಗಳನ್ನು ಹುಡುಕಿ ತೆಗೆದೆ. ಎಡಗಣ್ಣಿಗೆ ಅವಳಿಜವಳಿ. ಬಲಗಣ್ಣಿಗೆ ಒಂದು ಜಂಬು, ಇನ್ನೊಂದು ಹೆಚ್ಚುಕಡಿಮೆ ಕರಿ. ಅಂದೇ ಹುಡುಗನನ್ನು ಕರೆದು ಊಟಕ್ಕೆ ಕೂರಿಸಿದೆ.

ಆ ಮೇಲೆ ಅಪ್ಪ ಹೇಳಿಕೊಟ್ಟಿದ್ದ ಕಟ್ಟಳೆಗಳನ್ನು ಒಂದೊಂದಾಗಿ ಮಗಳ ಮುಂದಿಟ್ಟು ಕಾರಣ ಕೇಳತೊಡಗಿದೆ. ದೀಪ ಹಚ್ಚುವ ಹೊತ್ತಿನಲ್ಲಿ ಬಣ್ಣ ತಾಳೆ ನೋಡಬಾರದು ಎನ್ನುತ್ತಿದ್ದರು ಅಪ್ಪ. ಹಗಲಿನಲ್ಲಿ ಬಣ್ಣ ಗುರುತಿಸುವುದು ಕಣ್ಣಿನ ಹಿಂಪರದೆಯಲ್ಲಿರುವ ಮೂರು ಬಗೆಯ ಶಂಕು ಕೋಶಗಳು. ಬೆಳಕು ಇಳಿದಾಗ ಕೆಲಸ ದಂಡ ಕೋಶಗಳ ಪಾಲಿಗೆ ಹೋಗುತ್ತದೆ, ಅವಕ್ಕೆ ಕೆಂಪು ಬೆಳಕು ಬಹುಮಟ್ಟಿಗೆ ಕಾಣುವುದಿಲ್ಲ. ಹಾಗಾಗಿ ಸಂಜೆ ದಾಳಿಂಬೆ ಕೆಂಪಿನ ದಡಿ ಕಪ್ಪಿಡುತ್ತದೆ, ನೀಲಿ ಒಡಲು ಎದ್ದು ಕಾಣುತ್ತದೆ. ಒಂದೆಳೆ ನೋಡಿ ನೀಲಿಯ ತೀರ್ಪು ಕೊಡಬೇಡ, ಲಡಿ ಹರಡಿ ನೋಡು ಎನ್ನುವುದು ಇನ್ನೊಂದು. ನೀಲಿಗೆ ಸ್ಪಂದಿಸುವ ಶಂಕುಗಳು ಒಟ್ಟು ಶಂಕುಗಳಲ್ಲಿ ಶೇ. 10ಕ್ಕಿಂತ ಕಡಿಮೆ, ನಾವು ದಿಟ್ಟಿಸುವಾಗ ಬಳಸುವ ನಟ್ಟನಡುವಿನ ಚುಕ್ಕೆಯಲ್ಲಂತೂ ಇಲ್ಲವೇ ಇಲ್ಲ ಎನ್ನಬಹುದು. ದಿಟ್ಟಿಸಿದಷ್ಟೂ ನೀಲಿಯ ಎಳೆ ಕರಿಯಾಗುತ್ತದೆ! ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಈಗ ನನ್ನ ಕ್ರಮ ಹೀಗಿದೆ. ಲಡಿ ಪೂರ್ತಿ ಒಣಗುವವರೆಗೆ ಮಾತಿಲ್ಲ, ಏಕೆಂದರೆ ಹಸಿ ನೂಲು ಬೆಳಕನ್ನು ಕಡಿಮೆ ಚದುರಿಸಿ ಗಾಢವಾಗಿ ಕಾಣುತ್ತದೆ. ನೇರ ಬಿಸಿಲು ಬೀಳದ ಬಡಗಣ ಕಿಟಕಿಯ ಬಳಿ, ಬೂದಿಬಣ್ಣದ ಬಟ್ಟೆಯ ಮೇಲೆ ಮಾದರಿಯನ್ನೂ ಲಡಿಯನ್ನೂ ಒಂದಕ್ಕೊಂದು ತಾಗಿಸಿ ಇಡುತ್ತೇನೆ. ಮತ್ತೆ ಟ್ಯೂಬ್‌ಲೈಟಿನ ಕೆಳಗೂ ನೋಡುತ್ತೇನೆ, ಹಗಲಲ್ಲಿ ಕೂಡಿದ ಎರಡು ಬಣ್ಣ ಅಲ್ಲಿ ಒಡೆಯುವುದುಂಟು. ಕೆಂಪಿನ ಹಂಡೆಯ ಮುಂದೆ ಬಹಳ ಹೊತ್ತು ನಿಂತಿದ್ದರೆ, ಕೆಂಪಿಗೆ ಸ್ಪಂದಿಸುವ ಶಂಕುಗಳು ದಣಿದು ಬಿಳಿಯಲ್ಲೂ ಹಸಿರು ಛಾಯೆ ಮೂಡುತ್ತದೆ. ಸ್ವಲ್ಪ ಹೊತ್ತು ಹೊರಗೆ ಬೇವಿನ ಮರದ ಕೆಳಗೆ ಕುಳಿತು ಬರುತ್ತೇನೆ. ಕೊನೆಯ ಮಾತು ತಮ್ಮನ ಮಗನದು, ಗಾಢ ನೀಲಿಯಾದರಂತೂ.

ಎಡಗಣ್ಣಿನ ಶಸ್ತ್ರಚಿಕಿತ್ಸೆ ದೀಪಾವಳಿಯ ನಂತರ. ಮೊನ್ನೆ ಪೆಟ್ಟಿಗೆ ತೆಗೆದಾಗ, ನಾಲ್ಕು ವರ್ಷಗಳ ಹಿಂದೆ ಸಂಕ್ರಾಂತಿಗೆಂದು ನಾನೇ ಬಣ್ಣ ಹಾಕಿ ಮನೆಯವಳಿಗೆ ನೇಯಿಸಿದ್ದ ಚಂದ್ರಕಾಳಿ ಎಂಬ ಕರಿ ಸೀರೆ ಸಿಕ್ಕಿತು. ಬಲಗಣ್ಣಿನಿಂದ ನೋಡಿದೆ: ಕರಿಯಲ್ಲ, ಅಚ್ಚ ನೀಲಿ. ನಿನಗೆ ಗೊತ್ತಿತ್ತೇ ಎಂದು ಕೇಳಿದೆ.

"ಉಟ್ಟ ದಿನವೇ ಗೊತ್ತಿತ್ತು" ಎಂದಳು. "ಬಣ್ಣಗಾರರು ನೀವು. ನೀವು ಕರಿ ಎಂದ ಮೇಲೆ ನಾನು ನೀಲಿ ಎಂದರೆ ಯಾರು ಕೇಳುತ್ತಿದ್ದರು?"